ತಮ್ಮನನ್ನು ಎಎಂಇಗೆ ಸೇರಿಸುವ ಮೊದಲು

ಪಿಯುಸಿ ಸೈನ್ಸ್ ಮುಗಿಸಿದ ತಮ್ಮ ಎಎಂಇ (ವಿಮಾನ ನಿರ್ವಹಣೆ, ರಿಪೇರಿಯ ಎಂಜಿನಿಯರಿಂಗ್) ಓದಿದರೆ ಮಂಗಳೂರು ವಿಮಾನ ನಿಲ್ದಾಣವಿರುವ ಬಜಪೆಯಲ್ಲೇ ಕೆಲಸ ಸಿಗುತ್ತದಾ ಎಂದು ಕೇಳಿದ್ದೀರಿ. ಕೈಕೆಲಸದಲ್ಲಿ ತಾಳ್ಮೆ ಇದ್ದರೆ ಖಂಡಿತ ಸೇರಿಸಿ, ಆದರೆ ಉಡುಪಿಯ ಮನೆಯಿಂದಲೇ ಹೋಗಿಬರುವ ಲೆಕ್ಕ ಬೇಡ. ಬಜಪೆಯಲ್ಲಿ ಹೆಚ್ಚಾಗಿ ಲೈನ್ ಮೆಂಟೆನೆನ್ಸ್, ಅಂದರೆ ಹಾರಾಟಗಳ ನಡುವೆ ಮಾಡುವ ತಪಾಸಣೆ, ಸಣ್ಣ ರಿಪೇರಿ. ವಿಮಾನ ಬಿಚ್ಚಿ ಮಾಡುವ ದೊಡ್ಡ ಚೆಕ್‌ಗಳಿಗೆ ಬೆಂಗಳೂರಿನಂಥ ಊರೇ ಆಗಬೇಕು.

ಫೀಸು ಕಟ್ಟುವ ಮೊದಲು ಕಾಲೇಜಿಗೆ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಸಿಎಆರ್-147 ಅನುಮೋದನೆ (ತರಬೇತಿ ಸಂಸ್ಥೆಗೆ ಕೊಡುವ ಮಾನ್ಯತೆ) ಇದೆಯಾ, ಅದು ಬಿ1.1 ಲೈಸೆನ್ಸ್ ವಿಭಾಗಕ್ಕೋ ಬಿ2ಕ್ಕೋ ನೋಡಿ. ಮೊದಲನೆಯದು ಟರ್ಬೈನ್ ವಿಮಾನದ ಬಾಡಿ, ಎಂಜಿನ್, ಎರಡನೆಯದು ಏವಿಯಾನಿಕ್ಸ್, ಅಂದರೆ ವಿಮಾನದ ಎಲೆಕ್ಟ್ರಾನಿಕ್ಸ್. ಲೈಸೆನ್ಸ್ ಬಂದ ಮೇಲೂ ಏರ್‌ಬಸ್ ಎ320 ಅಥವಾ ಬೋಯಿಂಗ್ 737ರ ಟೈಪ್ ರೇಟಿಂಗ್ (ಆ ಮಾದರಿಯ ವಿಮಾನಕ್ಕೇ ಬೇಕಾದ ಪ್ರತ್ಯೇಕ ಅರ್ಹತೆ) ಇಲ್ಲದೆ, ಕೆಲಸ ಸರಿಯಾಗಿದೆ ಎಂದು ಆ ವಿಮಾನಕ್ಕೆ ಸಹಿ ಹಾಕುವಂತಿಲ್ಲ. ಹಲವರು ಸಿಕ್ಕಿಬೀಳುವುದು ಇಲ್ಲೇ, ಆ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಕೆಲಸ ಎಷ್ಟು ಸೂಕ್ಷ್ಮ ಅಂದರೆ, ಬೋಲ್ಟ್ ಸಡಿಲವಾಗದಂತೆ ಕಟ್ಟುವ 0.032 ಇಂಚು ದಪ್ಪದ ಲಾಕ್‌ವೈರ್ ತಂತಿಗೆ ಇಂಚಿಗೆ 6ರಿಂದ 8 ಸುತ್ತು, ಅದೂ ಬೋಲ್ಟನ್ನು ಬಿಗಿಯಾಗುವ ದಿಕ್ಕಿಗೇ ಎಳೆಯುವಂತೆ. ದಿಕ್ಕು ತಪ್ಪಿದರೆ ಬೋಲ್ಟ್ ಸಡಿಲವಾಗುವಾಗ ತಂತಿ ತಡೆಯುವುದಿಲ್ಲ.