ಡ್ರೈವರ್ ನುಂಗಿದ ಮೆಮೊರಿ

ಬೀದರ್‌ನ ನಿಮ್ಮ ಝೆರಾಕ್ಸ್ ಅಂಗಡಿಯ ಲಿನಕ್ಸ್ ಸರ್ವರ್ ವೈಫೈ ಡಾಂಗಲ್ ಹಾಕಿದಾಗಿನಿಂದ ದಿನೇ ದಿನೇ ನಿಧಾನವಾಗುತ್ತಿದೆ, ಎಲ್ಲ ಪ್ರೋಗ್ರಾಂ ಮುಚ್ಚಿದರೂ ಮೆಮೊರಿ ಮರಳುತ್ತಿಲ್ಲ, ಇದು ಭದ್ರತಾ ದೋಷವೇ ಎಂದು ಕೇಳಿದ್ದೀರಿ.

ಮುಚ್ಚಿದ ಪ್ರೋಗ್ರಾಂನ ಮೆಮೊರಿಯನ್ನು ಲಿನಕ್ಸ್‌ನ ತಿರುಳಾದ ಕರ್ನೆಲ್ ಹಿಂಪಡೆಯುತ್ತದೆ. ಆದರೆ ಡಾಂಗಲ್ ನಡೆಸುವ ತಂತ್ರಾಂಶವಾದ ಡ್ರೈವರ್ ಕರ್ನೆಲ್‌ನ ಒಳಗಿನದೇ. ಅದು ಮರಳಿಸಲು ಮರೆತ ಮೆಮೊರಿಯನ್ನು ಕೇಳುವವರಿಲ್ಲ, ರೀಬೂಟ್ ಮಾಡಬೇಕಷ್ಟೆ. ತಪ್ಪು ಹೆಚ್ಚಾಗಿ ಅಡಗಿರುವುದು ವೈಫಲ್ಯದ ಹಾದಿಯಲ್ಲಿ: ಮೆಮೊರಿ ಕೇಳುವ ಕೆಮ್ಯಾಲಾಕ್ (kmalloc) ಕರೆಯಿಂದ ಜಾಗ ಪಡೆದ ಮೇಲೆ ಮುಂದಿನ ಹೆಜ್ಜೆ ಕೈಕೊಟ್ಟರೆ, ಅದನ್ನು ಮರಳಿಸುವ ಕೆಫ್ರೀ (kfree) ಕರೆಯದೆಯೇ ಡ್ರೈವರ್‌ನ ಆ ಫಂಕ್ಷನ್ ಹೊರಬೀಳುತ್ತದೆ. ಆ ವೈಫಲ್ಯವನ್ನು ಸಾಮಾನ್ಯ ಬಳಕೆದಾರನೂ ಬೇಕೆಂದಾಗಲೆಲ್ಲ ಹುಟ್ಟಿಸಬಲ್ಲನಾದರೆ ಯಂತ್ರವನ್ನೇ ಮಲಗಿಸಬಹುದು. ಆಗ ಅದು ಖಂಡಿತ ಭದ್ರತಾ ದೋಷ. ಇಲ್ಲಿ ಸೋರುವುದು ಮೆಮೊರಿಯ ಜಾಗ ಮಾತ್ರ; ಗುಟ್ಟಿನ ಮಾಹಿತಿ ಹೊರಹೋಗುವುದು ಬೇರೆ ಜಾತಿಯ ದೋಷ.

ಕರ್ನೆಲ್ ಬಳಸುತ್ತಿರುವ ಮೆಮೊರಿಯನ್ನು ಸಾಲುಸಾಲಾಗಿ ತೋರಿಸುವ ಸ್ಲ್ಯಾಬ್‌ಟಾಪ್ (slabtop) ಆಜ್ಞೆ ಕೊಟ್ಟು ಯಾವ ಸಾಲು ಇಳಿಯದೆ ಏರುತ್ತಿದೆ ನೋಡಿ. ರ‍್ಯಾಮ್ ಹೆಚ್ಚಿಸಿ ಎನ್ನುವವರ ಮಾತಿಗೆ ಹಣ ಸುರಿಯಬೇಡಿ. ಮೊದಲು ಕರ್ನೆಲ್ ನವೀಕರಿಸಿ. ಆದರೂ ಸರಿಹೋಗದಿದ್ದರೆ ಡಾಂಗಲ್ ಕಿತ್ತು ನೆಟ್‌ವರ್ಕ್ ಕೇಬಲ್ ಹಾಕಿಸಿ.