ಕೇಳಿದ್ದೂ ಅವರೇ, ಬೇಡವೆಂದದ್ದೂ ಅವರೇ: ಸಂಪಾದಕರ ಉತ್ತರ

ಅಮೆರಿಕದಲ್ಲಿ ನೆಲೆಸಿರುವ ಓದುಗರೊಬ್ಬರು ಹೀಗೆ ಬರೆದಿದ್ದಾರೆ: ‘ನಮ್ಮ ಕ್ಷೇತ್ರದ ಕಾಂಗ್ರೆಸ್ (ಇಲ್ಲಿನ ಸಂಸತ್ತಿನ) ಸದಸ್ಯರು 2022ರ ಡಿಸೆಂಬರ್‌ನಲ್ಲಿ ಸರ್ಕಾರದ ವೆಚ್ಚದ ಮಸೂದೆಗೆ ವಿರುದ್ಧವಾಗಿ ಮತ ಹಾಕಿದರು. ನಮ್ಮೂರಿನ ನೀರಿನ ಪೈಪಿಗೆ ಅವರೇ ಕೇಳಿ ಬರೆಸಿದ ಇಯರ್‌ಮಾರ್ಕ್, ಅಂದರೆ ಒಂದು ಊರಿನ ಒಂದು ಯೋಜನೆಗೆಂದೇ ಎತ್ತಿಟ್ಟ ಹಣ, ಅದೇ ಮಸೂದೆಯಲ್ಲಿತ್ತು. ಈಗ ರಟ್ಟಿನ ದೊಡ್ಡ ಚೆಕ್ ಹಿಡಿದು ಫೋಟೊಗೆ ನಿಂತಿದ್ದಾರೆ. ಇದು ಆಷಾಢಭೂತಿತನವಲ್ಲದೆ ಮತ್ತೇನು? ಭಾರತದ ನಮ್ಮ ಸಂಸದರೂ ಹೀಗೆ ಮಾಡಬಹುದೇ?’

ಫೋಟೊ ನೋಡಿ ನಿಮಗೆ ಸಿಟ್ಟು ಬಂದದ್ದು ಸಹಜ. ಆದರೆ ಹಣ ಕೇಳಿದರು, ಮಸೂದೆ ಬೇಡವೆಂದರು ಎಂಬಷ್ಟಕ್ಕೇ ಅವರನ್ನು ಆಷಾಢಭೂತಿ ಎನ್ನಲು ಬರುವುದಿಲ್ಲ. ಬೇಡವೆನ್ನಲು ಕೊಟ್ಟ ಕಾರಣವೇನು, ಆಮೇಲೆ ಜನರಿಗೆ ಹೇಳಿದ್ದೇನು ಎಂಬುದನ್ನು ನೋಡಬೇಕು.

ನೀವು ಹೇಳಿದ ಮಸೂದೆಯ ಗಾತ್ರ ಸುಮಾರು 1.7 ಲಕ್ಷ ಕೋಟಿ ಡಾಲರ್, ನಾಲ್ಕು ಸಾವಿರಕ್ಕೂ ಹೆಚ್ಚು ಪುಟ. ಅದರಲ್ಲಿದ್ದ ಇಯರ್‌ಮಾರ್ಕ್‌ಗಳು ಏಳು ಸಾವಿರಕ್ಕೂ ಹೆಚ್ಚು, ಒಟ್ಟು ಮೊತ್ತ ಸುಮಾರು 1,500 ಕೋಟಿ ಡಾಲರ್. ಅಂದರೆ ಶೇ 1ಕ್ಕಿಂತ ಕಡಿಮೆ. ಇಷ್ಟೆಲ್ಲಕ್ಕೂ ಸೇರಿ ಸದಸ್ಯರ ಬಳಿ ಇರುವುದು ಒಂದೇ ಮತ. ಪೈಪಿಗೆ ಹೌದು, ಉಳಿದದ್ದಕ್ಕೆ ಇಲ್ಲ ಎನ್ನುವ ಅವಕಾಶವೇ ಇಲ್ಲ. ಆ ಮಸೂದೆಗೆ ‘ಇಲ್ಲ’ ಎಂದ ಏಕೈಕ ಡೆಮಾಕ್ರಟಿಕ್ ಸದಸ್ಯೆ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್. ವಲಸೆ ಜಾರಿ ಸಂಸ್ಥೆಗಳಿಗೆ ಹಣ ಹೆಚ್ಚಿಸಿದ್ದು ಅವರ ತಕರಾರು. ಅವರ ಕ್ಷೇತ್ರದ ಯೋಜನೆಗಳೂ ಅದರಲ್ಲಿದ್ದವು. ಇದರಲ್ಲಿ ವಂಚನೆ ಎಲ್ಲಿದೆ?

ಟೆಕ್ಸಾಸ್‌ನ ಮಾಜಿ ಸದಸ್ಯ ರಾನ್ ಪಾಲ್, ಹಣ ಕೇಳಿಯೂ ಮಸೂದೆ ಬೇಡವೆನ್ನುವ ಈ ನಿಲುವನ್ನು ಬಹಿರಂಗವಾಗಿಯೇ ಸಮರ್ಥಿಸಿಕೊಂಡಿದ್ದರು. ಒಟ್ಟು ಮೊತ್ತ ಮೊದಲೇ ನಿಗದಿಯಾಗಿರುತ್ತದೆ. ನಾನು ಕೇಳದಿದ್ದರೆ ಖಜಾನೆಗೆ ಉಳಿತಾಯವೇನೂ ಇಲ್ಲ, ಆ ಹಣ ಎಲ್ಲಿಗೆ ಹೋಗಬೇಕೆಂದು ಅಧಿಕಾರಿಗಳು ತೀರ್ಮಾನಿಸುತ್ತಾರೆ ಅಷ್ಟೇ ಎಂಬುದು ಅವರ ವಾದ. ಇದು ಎಲ್ಲ ಕಡೆಯೂ ನಿಲ್ಲುವುದಿಲ್ಲ. ವಸತಿ ಇಲಾಖೆಯಲ್ಲಿ ‘ಎಕನಾಮಿಕ್ ಡೆವಲಪ್‌ಮೆಂಟ್ ಇನಿಶಿಯೇಟಿವ್’ ಎಂಬ ಖಾತೆಯಿದೆ. ಕೆಲವು ವರ್ಷ ನಿಂತಿದ್ದ ಇಯರ್‌ಮಾರ್ಕ್ ಪದ್ಧತಿ ಮರಳಿದ 2022ರ ಹಣಕಾಸು ವರ್ಷದಲ್ಲಿ ಅದಕ್ಕೆ ಮತ್ತೆ ಜೀವ ಬಂದದ್ದೇ ಇಯರ್‌ಮಾರ್ಕ್‌ಗಳಿಗಾಗಿ. ಕೇಳುವವರಿಲ್ಲದಿದ್ದರೆ ಆ ಸಾಲೇ ಇರುತ್ತಿರಲಿಲ್ಲ.

ನೀರಿನ ಪೈಪಿನ ವಿಷಯದಲ್ಲಿ ಮಾತ್ರ ಪಾಲ್ ವಾದಕ್ಕೆ ಬಲವಿದೆ. ಪರಿಸರ ಸಂರಕ್ಷಣಾ ಸಂಸ್ಥೆಯಲ್ಲಿ, ಅಂದರೆ ಇಪಿಎಯಲ್ಲಿ, ರಾಜ್ಯಗಳಿಗಾಗಿ ಎರಡು ಆವರ್ತ ನಿಧಿಗಳಿವೆ: ಒಂದು ಒಳಚರಂಡಿಗೆ, ಇನ್ನೊಂದು ಕುಡಿಯುವ ನೀರಿಗೆ. ಹಿಂದೆ ಈ ಹಣದ ಬಹುಪಾಲು ಸೂತ್ರದ ಪ್ರಕಾರ ರಾಜ್ಯಗಳಿಗೆ ಹಂಚಿಕೆಯಾಗುತ್ತಿತ್ತು. ರಾಜ್ಯಗಳು ಊರುಗಳಿಗೆ ಕಡಿಮೆ ಬಡ್ಡಿಗೆ ಸಾಲ ಕೊಡುತ್ತಿದ್ದವು. ತೀರಿ ಬಂದ ಸಾಲ ಮತ್ತೊಂದು ಊರಿಗೆ ಹೋಗುತ್ತಿತ್ತು. 2022ರಲ್ಲಿ ಇಯರ್‌ಮಾರ್ಕ್ ಮರಳಿದಾಗ ಅದಕ್ಕೆಂದು ಹೊಸ ಹಣ ಸೇರಿಸಲಿಲ್ಲ, ಇದೇ ನಿಧಿಗಳಿಂದ ಕತ್ತರಿಸಿದರು. ನೀವು ಹೇಳಿದ ಮಸೂದೆಯ ವರ್ಷದಲ್ಲಿ, ಅಂದರೆ 2023ರ ಹಣಕಾಸು ವರ್ಷದಲ್ಲಿ, ಒಳಚರಂಡಿ ನಿಧಿಯ ಸುಮಾರು 164 ಕೋಟಿ ಡಾಲರ್‌ನಲ್ಲಿ 86 ಕೋಟಿ, ಕುಡಿಯುವ ನೀರಿನ ಸುಮಾರು 113 ಕೋಟಿಯಲ್ಲಿ 61 ಕೋಟಿ ಇಯರ್‌ಮಾರ್ಕ್‌ಗಳಿಗೇ ಹೋಯಿತು. (2021ರ ಮೂಲಸೌಕರ್ಯ ಕಾಯ್ದೆಯ ಹಣ ಬೇರೆ, ಅದನ್ನು ಇದರಲ್ಲಿ ಸೇರಿಸಿಲ್ಲ.) ಇಯರ್‌ಮಾರ್ಕ್ ಅನುದಾನ ಸಾಲವಲ್ಲ, ಹಾಗಾಗಿ ಹೋದ ಹಣ ನಿಧಿಗೆ ಮರಳುವುದಿಲ್ಲ. ಈಗ ತತ್ವಕ್ಕೆ ಕಟ್ಟುಬಿದ್ದು ಏನನ್ನೂ ಕೇಳದ ಸದಸ್ಯರ ಪಾಡು ನೋಡಿ: ಬೇರೆಯವರು ಕೇಳಿದ್ದರಿಂದ ಅವರ ರಾಜ್ಯದ ಸೂತ್ರದ ಪಾಲೂ ಕುಗ್ಗಿತು, ಅವರ ಊರಿಗೆ ಇಯರ್‌ಮಾರ್ಕೂ ಬರಲಿಲ್ಲ. ಈ ವ್ಯವಸ್ಥೆ ಬೇಡವೆನ್ನುತ್ತಲೇ, ಇರುವಷ್ಟು ದಿನ ನಮ್ಮ ಪಾಲು ಬಿಡುವುದಿಲ್ಲ ಎನ್ನುವವರನ್ನು ನಾನು ದೂರಲಾರೆ.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಆ ಮಸೂದೆ ಕೆಳಮನೆಯಲ್ಲಿ ಗೆದ್ದದ್ದು 225–201ರಿಂದ. ‘ಹೌದು’ ಎಂದ ರಿಪಬ್ಲಿಕನ್ನರು 9 ಮಂದಿ ಮಾತ್ರ. ಇಯರ್‌ಮಾರ್ಕ್ ಕೇಳಿದ್ದ ರಿಪಬ್ಲಿಕನ್ನರು ನೂರಕ್ಕೂ ಹೆಚ್ಚು. ಕೇಳಿದ ಎಲ್ಲರೂ ‘ಇಲ್ಲ’ ಎಂದಿದ್ದರೆ ಯಾರ ಊರಿಗೂ ಪೈಪ್ ಬರುತ್ತಿರಲಿಲ್ಲ. ಕಷ್ಟದ ಮತವನ್ನು ಇನ್ನೊಬ್ಬರ ತಲೆಗೆ ಕಟ್ಟಿ ಫಲ ಮಾತ್ರ ಉಣ್ಣುವುದು ಜಾಣತನ. ನನಗೆ ಅದು ಮೆಚ್ಚುಗೆಯಲ್ಲ, ಆದರೂ ಸುಳ್ಳು ಎನ್ನಲಾರೆ.

ಸುಳ್ಳು ಹುಡುಕುವುದಾದರೆ ಅದೇ 2022ರ ನವೆಂಬರ್ 30ಕ್ಕೆ ಹೋಗಿ. ರಿಪಬ್ಲಿಕನ್ ಸದಸ್ಯರ ಒಳಸಭೆಯಲ್ಲಿ ಕ್ಯಾಲಿಫೋರ್ನಿಯಾದ ಟಾಮ್ ಮೆಕ್‌ಕ್ಲಿಂಟಕ್ ಇಯರ್‌ಮಾರ್ಕ್ ನಿಷೇಧಿಸಬೇಕೆಂಬ ಪ್ರಸ್ತಾವ ಇಟ್ಟರು. ಗುಪ್ತ ಮತದಾನದಲ್ಲಿ ಅದು 158–52ರಿಂದ ಬಿದ್ದುಹೋಯಿತು. ಆ ಕೋಣೆಯಲ್ಲಿ ಇಯರ್‌ಮಾರ್ಕ್ ಉಳಿಸಿ, ಮೂರು ವಾರದ ನಂತರ ಸದನದಲ್ಲಿ ಅದೇ ಇಯರ್‌ಮಾರ್ಕ್ ತೋರಿಸಿ ‘ದುಂದುವೆಚ್ಚದ ಮಸೂದೆ’ ಎಂದು ಗುಡುಗಿದವರಿಗೆ ನಿಮ್ಮ ಬೈಗುಳ ಸರಿಯಾಗಿ ಒಪ್ಪುತ್ತದೆ. ಚೀಟಿಯಲ್ಲಿ ಹೆಸರಿಲ್ಲ, ಯಾರು ಯಾರೆಂದು ತಿಳಿಯುವಂತಿಲ್ಲ. ಪೂರ್ತಿ ನುಡಿದಂತೆ ನಡೆದವರೂ ಇದ್ದಾರೆ. ಹಿಂದೆ ಸದಸ್ಯರಾಗಿದ್ದ ಅರಿಜೋನಾದ ಜೆಫ್ ಫ್ಲೇಕ್ ತಾವು ಕೇಳಲೂ ಇಲ್ಲ, ಇತರರ ಇಯರ್‌ಮಾರ್ಕ್‌ಗಳನ್ನು ಒಂದೊಂದಾಗಿ ತೆಗೆಯುವಂತೆ ಸದನದಲ್ಲಿ ತಿದ್ದುಪಡಿಗಳನ್ನು ತಂದರು. ಬಹುತೇಕ ಎಲ್ಲವೂ ಸೋತವು.

ನಿಮ್ಮ ಸದಸ್ಯರ ವಿಷಯವನ್ನು ನೀವೇ ತಾಳೆ ನೋಡಬಹುದು. ಕೇಳಿದ ಯೋಜನೆ, ಪಡೆಯುವವರ ಹೆಸರು, ಮೊತ್ತ, ತನಗೂ ಮನೆಯವರಿಗೂ ಇದರಲ್ಲಿ ಹಣಕಾಸಿನ ಹಿತವಿಲ್ಲವೆಂಬ ಪತ್ರ ಇವೆಲ್ಲವನ್ನೂ ಸದಸ್ಯರು ತಮ್ಮ ಜಾಲತಾಣದಲ್ಲಿ ಹಾಕಬೇಕೆಂಬ ನಿಯಮವಿದೆ. ಆ ವರ್ಷ ಒಬ್ಬರು 15 ಯೋಜನೆಗಳವರೆಗೆ ಕೇಳಬಹುದಿತ್ತು. ಮಸೂದೆಯ ಜೊತೆಗಿರುವ ವಿವರಣಾ ಹೇಳಿಕೆಯ ಕೋಷ್ಟಕದಲ್ಲಿ ನಿಮ್ಮೂರಿನ ಸಾಲು ಹುಡುಕಿ. ಕೇಳಿದ ಮೊತ್ತ ಬೇರೆ, ಸಿಕ್ಕ ಮೊತ್ತ ಬೇರೆ ಇರುವುದುಂಟು. ಹಣ ಯಾವ ಖಾತೆಯದೆಂದೂ ಅಲ್ಲೇ ತಿಳಿಯುತ್ತದೆ. ಕೊನೆಗೆ 2022ರ ಡಿಸೆಂಬರ್ 23ರ ಮತದಾನ, ಆ ದಿನ ಅವರು ಹೊರಡಿಸಿದ ಹೇಳಿಕೆ. ದೇಶದ ಸಾಲ, ಗಡಿ ಕಾವಲು, ಪುಟ ಓದಲು ಸಮಯವಿರಲಿಲ್ಲ ಎಂಬ ಕಾರಣಗಳಿದ್ದರೆ ಬಿಟ್ಟುಬಿಡಿ. ಇಯರ್‌ಮಾರ್ಕೇ ಕಾರಣವೆಂದಿದ್ದರೆ, ಅಥವಾ ಚೆಕ್ಕಿನ ಪ್ರಕಟಣೆಯಲ್ಲಿ ‘ನಾನು ತಂದೆ’ ಎಂದು ಬರೆದು ತಮ್ಮ ಮತವನ್ನು ಮುಚ್ಚಿಟ್ಟಿದ್ದರೆ, ಬಿಡಬೇಡಿ.

ಅಂದಹಾಗೆ ಆ ಚೆಕ್ ಬರೀ ರಟ್ಟು. ಕಾಯ್ದೆಗೆ ಸಹಿ ಬಿದ್ದ ಮೇಲೂ ಊರಿನವರು ಇಪಿಎಗೆ ಅರ್ಜಿ ಹಾಕಬೇಕು, ಪರಿಸರ ಪರಿಶೀಲನೆ ಮುಗಿಯಬೇಕು, ವೆಚ್ಚದ ಶೇ 20ರಷ್ಟನ್ನು ಸಾಮಾನ್ಯವಾಗಿ ಸ್ಥಳೀಯವಾಗಿ ಹೊಂದಿಸಬೇಕು. ಸಣ್ಣ ಊರುಗಳು ಮುಗ್ಗರಿಸುವುದು ಈ ಶೇ 20ರಲ್ಲಿ. ಫೋಟೊಗೂ ಪೈಪಿಗೂ ನಡುವೆ ವರ್ಷಗಳೇ ಕಳೆಯಬಹುದು.

ತಿರುಗುಮುರುಗಾದದ್ದೂ ಇದೆ. 2025ರ ಮಾರ್ಚ್‌ನಲ್ಲಿ ಇಡೀ ವರ್ಷಕ್ಕೆ ಹಳೆಯ ಮಟ್ಟದ ವೆಚ್ಚವನ್ನೇ ಮುಂದುವರಿಸುವ ಮಸೂದೆ ಬಂದಾಗ ಆ ವರ್ಷದ ಇಯರ್‌ಮಾರ್ಕ್‌ಗಳೆಲ್ಲ ಬಿದ್ದುಹೋದವು. ಕೇಳಿಕೊಂಡಿದ್ದ ರಿಪಬ್ಲಿಕನ್ನರೇ ಅದಕ್ಕೆ ‘ಹೌದು’ ಎಂದು ತಮ್ಮ ಊರಿನ ಯೋಜನೆಗಳನ್ನು ಕೈಯಾರೆ ಕಳೆದುಕೊಂಡರು. ಅವರ ಫೋಟೊ ಯಾರೂ ತೆಗೆಯಲಿಲ್ಲ.

ಇನ್ನು ನಮ್ಮ ಸಂಸದರ ಮಾತು. ಇಲ್ಲಿ ಪ್ರತಿ ಸಂಸದರಿಗೂ ಪ್ರದೇಶಾಭಿವೃದ್ಧಿ ನಿಧಿಯಾಗಿ ವರ್ಷಕ್ಕೆ 5 ಕೋಟಿ ರೂಪಾಯಿ. ಅವರು ಕಾಮಗಾರಿ ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ವಿರೋಧ ಪಕ್ಷದವರು ಬಜೆಟ್‌ಗೆ ‘ಇಲ್ಲ’ ಎಂದು ಕೂಗಿ, ಮರುದಿನ ಸಮುದಾಯ ಭವನಕ್ಕೆ ಶಿಫಾರಸು ಪತ್ರ ಬರೆದರೆ ಯಾರೂ ಹುಬ್ಬೇರಿಸುವುದಿಲ್ಲ. ಆಳುವ ಪಕ್ಷದವರಿಗೆ ಆ ಸ್ವಾತಂತ್ರ್ಯವಿಲ್ಲ, ಅಡ್ಡಲಾಗಿ ವಿಪ್ ಇದೆ. 2024ರ ಫೆಬ್ರುವರಿಯಲ್ಲಿ ಹಿಮಾಚಲ ಪ್ರದೇಶದ ಆರು ಕಾಂಗ್ರೆಸ್ ಶಾಸಕರು ವಿಪ್ ಮೀರಿ ಬಜೆಟ್ ಮತದಾನಕ್ಕೆ ಗೈರಾದರು. ವಿರುದ್ಧ ಮತ ಹಾಕಿದ್ದೂ ಅಲ್ಲ, ಬರೀ ಗೈರು. ಅಷ್ಟಕ್ಕೇ ಸ್ಪೀಕರ್ ಅವರನ್ನು ಅನರ್ಹಗೊಳಿಸಿದರು.