ಮನೆಯಲ್ಲಿ ಹಣ್ಣಿನ ಐಸ್ ಕ್ಯಾಂಡಿ ಮಾಡಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಏನು ಮಾಡಬೇಕು?

ನೀರು ಜಾಸ್ತಿಯಾಗಿರುತ್ತದೆ, ಅಷ್ಟೇ. ಜ್ಯೂಸ್ ಬದಲು ತಿರುಳನ್ನೇ ರುಬ್ಬಿ ಹಾಕಿ. ಶಿವಮೊಗ್ಗದ ಬಿಸಿಲುಗಾಲದಲ್ಲಿ ಮಾವು ಹೇಗೂ ಸಿಗುತ್ತದಲ್ವಾ? 2 ಕಪ್ ತಿರುಳಿಗೆ ಅರ್ಧ ಕಪ್ ಗಟ್ಟಿ ಮೊಸರು, ಚಿಟಿಕೆ ಏಲಕ್ಕಿ ಸಾಕು. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ಅನಿಸುತ್ತದೆ. ಅದಕ್ಕೆ ಸಕ್ಕರೆ ಸುರಿಯಬೇಡಿ, ಚೆನ್ನಾಗಿ ಕಳಿತ ಬಾಳೆಹಣ್ಣು ಸೇರಿಸಿ. ಕ್ಯಾಂಡಿ ಮೆತ್ತಗೂ ಆಗುತ್ತದೆ.

ಸಾಗರದ ಕಡೆಯ ಮುರುಗಲು (ಕೋಕಂ, ಹುಳಿ ಹಣ್ಣು) ಸಿಕ್ಕರೆ ಇನ್ನೂ ಒಳ್ಳೆಯದು, ನನಗಂತೂ ಅದೇ ಇಷ್ಟ. ಒಣಸಿಪ್ಪೆ ನೆನೆಸಿದ ನೀರಿಗೆ ಬೆಲ್ಲ, ಜೀರಿಗೆ ಪುಡಿ, ಚಿಟಿಕೆ ಉಪ್ಪು. ಇದರಲ್ಲಿ ತಿರುಳಿಲ್ಲ, ಹಾಗಾಗಿ ಬೆಲ್ಲ ತೀರಾ ಕಡಿಮೆ ಮಾಡಿದರೆ ಮತ್ತೆ ಕಲ್ಲೇ!

ಅಚ್ಚು ಇಲ್ಲದಿದ್ದರೆ ಸ್ಟೀಲ್ ಲೋಟ ನಡೆಯುತ್ತದೆ. ಕಡ್ಡಿಯನ್ನು ಅರ್ಧ ಗಟ್ಟಿಯಾದ ಮೇಲೆ ಸಿಕ್ಕಿಸಿ, ಇಲ್ಲಾಂದ್ರೆ ವಾಲುತ್ತದೆ. ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ತೆಗೆಯುವಾಗ ಲೋಟವನ್ನು ನಲ್ಲಿ ನೀರಿಗೆ ಹಿಡಿಯಿರಿ.